ಹ್ಞೂಂ ಅನ್ನೋರಿಲ್ಲದ ಕತೆ

ಕೋಟೆಯ ದಾರಿ ತಪ್ಪಿ, ಹಳ್ಳಿಯೊಂದರ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವ ಎಂಬಾಕೆಯನ್ನು ವಿಚಾರಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಪಾಡ್‌ಕಾಸ್ಟ್ ನಡೆಸುವ ಕಂಪನಿಯ ಮಾಲೀಕರ ಫೋನು. "ಕೇಳುಗರೇ ಇಲ್ಲ! ದೊಡ್ಡ ಮನುಷ್ಯರನ್ನು ಮಾತಾಡಿಸಿ. ಇಲ್ಲಾಂದ್ರೆ ಇವತ್ತಿಗೇ ಕಾರ್ಯಕ್ರಮ ಬಂದ್."

ದೇಶ ದೇಶ ಸುತ್ತಿ ಕತೆ ಹೇಳುವವಳು ನಾನು; ಸ್ಪೀಕರ್ ಹಾಕಿದ್ದರಿಂದ ಈ ಮಾತು ನೀಲವ್ವನಿಗೂ ಕೇಳಿಸಿತು.

"ಯಕ್ಕಾ, ನಿನ್ನ ಕತಿಗೆ ಹ್ಞೂಂ ಅನ್ನೋರು ಯಾರು?" ಅಂದಳು ನೀಲವ್ವ.

"ಯಾರೂ ಇಲ್ಲ. ಒಬ್ಬಳೇ ಮಾತಾಡ್ತೀನಿ."

"ಅದು ಗ್ವಾಡಿಗೆ ಹೇಳಿದಂಗ. ಕೊಡಿಲ್ಲೆ."

ಹಿಟ್ಟಿನ ಕೈಯಲ್ಲೇ ಫೋನು ಕಸಿದಳು. "ಸಾಹೇಬ್ರ, ನಮ್ಮೂರಾಗ ಒಬ್ಬಾಕಿ ಗಂಡನ್ನ ಸಂತ್ಯಾಗ ಮಾರಾಕ ಹೊಂಟ್ಲು."

"ಹ್ಞೂಂ?"

"ಕೊಳ್ಳಾಕ ಬಂದಾಕಿ ಅವನ ಹಲ್ಲು ಎಣಿಸಿದ್ಲು."

"ಹ್ಞೂಂ, ಆಮೇಲೆ?"

ನೀಲವ್ವ ನಿಧಾನಕ್ಕೆ ರೊಟ್ಟಿ ತಿರುವಿದಳು.

"ಆಮೇಲೆ ಏನಾಯ್ತಮ್ಮಾ?"

"ಕಾರ್ಯಕ್ರಮ ಬಂದ್ ಅಂದ್ರಲ್ರೀ. ಕತಿನೂ ಬಂದ್."

ಆ ಕಡೆ ಜೋರು ನಗು. "ಆಯ್ತು, ನಡೀಲಿ. ಈಕೆಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಗಂಡ ಮಾರಾಟವಾದನಾ?"

"ಪಾಡ್‌ಕಾಸ್ಟ್‌ನಾಗ ಕೇಳ್ರಿ!"

ಫೋನು ಕೊಟ್ಟು, ಬೇವಿನ ಮರದ ಬಲಕ್ಕೆ ಕೋಟೆಯ ದಾರಿ ತೋರಿಸಿದಳು.

"ಈ ಋಣ ಹೆಂಗೆ ತೀರಿಸಲವ್ವಾ?"

"ಮನ್ಯಾಗ ನನ್ನ ಕತಿ ಕೇಳೋರಿಲ್ಲ. ಕುಂದ್ರು."

ಕೋಟೆ ಎಲ್ಲಿಗೂ ಓಡುವುದಿಲ್ಲ. ರೆಕಾರ್ಡರ್ ಒತ್ತಿ ಒಲೆಯ ಪಕ್ಕ ಕೂತೆ. ರೊಟ್ಟಿಗೊಂದು ಹ್ಞೂಂ ಅಂದು, ಹಿಟ್ಟು ಮುಗಿಯುವವರೆಗೆ ಋಣ ತೀರಿಸಿದೆ.