ಓಗೊಟ್ಟ ಹಳ್ಳ

ಮುತ್ತಲಹಾಳ ಮತ್ತು ತಾರಿಗುಡ್ಡ ಎಂಬ ಎರಡು ಊರುಗಳ ನಡುವೆ ಹರಿಯುವ ಈ ಹಳ್ಳಕ್ಕೆ ಹೊಳೆ ಎನ್ನಿಸಿಕೊಳ್ಳುವಷ್ಟು ಮೈಯಿಲ್ಲ. ಮಳೆಗಾಲ ಕಳೆದ ಮೇಲೆ ಮೊಣಕಾಲುದ್ದ ನೀರು, ಅದರಡಿ ಬಿಳಿ ಮರಳು, ದಂಡೆಗುಂಟ ಲಕ್ಕಿಗಿಡ ಮತ್ತು ಹೊಂಗೆಯ ನೆರಳು. ಈ ದಂಡೆಯಲ್ಲಿ ಕೂಗಿದರೆ ಆ ದಂಡೆಗೆ ಕೇಳುತ್ತದೆ, ಅಷ್ಟೇ ಅಗಲ. ರಜೆಯ ದಿನ ಸುತ್ತಲಿನ ಪಟ್ಟಣಗಳ ಜನ ಬುತ್ತಿ ಕಟ್ಟಿಸಿಕೊಂಡು, ಟೆಂಪೊ ಮಾಡಿಕೊಂಡು ಬರುತ್ತಾರೆ. ತಾರಿಗುಡ್ಡದ ಕಡೆ ಒಂದು ಚಪ್ಪಟೆ ಬಂಡೆಯಿದೆ, ಅದರ ಪಕ್ಕದಲ್ಲಿ ಯಾರೂ ಉಳದ ಹುಲ್ಲಿನ ಪಟ್ಟಿಯಿದೆ. ಕೂರಲು ಹೇಳಿ ಮಾಡಿಸಿದ ಜಾಗ. ಆದರೆ ಬುತ್ತಿಯ ಗಂಟು ಬಿಚ್ಚುವ ಮೊದಲು ಗುಂಪಿನಲ್ಲೊಬ್ಬರು ಎದ್ದು, ಹಳ್ಳ ದಾಟಿ, ಎದುರು ದಂಡೆಯಲ್ಲಿ ಹೋಗಿ ಕೂರಬೇಕು. ಏಕೆಂದು ಕೇಳಿದರೆ ದನ ಕಾಯುವವರು, ‘ಕಾಶವ್ವನ ಬುತ್ತಿ ಐತ್ರಿ’ ಎನ್ನುತ್ತಾರೆ. ಪಟ್ಟಣದಿಂದ ಬಂದವರಿಗೆ ಅಷ್ಟು ಸಾಲದು.

ಹಿಂದೆ ಒಮ್ಮೆ ದೊಡ್ಡ ಮಳೆಯಾಗಿ ಹಳ್ಳ ತನ್ನ ಮಗ್ಗುಲು ಬದಲಿಸಿತಂತೆ. ಮುತ್ತಲಹಾಳದ ಹೊಲದ ಒಂದು ಪಟ್ಟಿ ರಾತ್ರಿ ಬೆಳಗಾಗುವುದರೊಳಗೆ ತಾರಿಗುಡ್ಡದ ದಂಡೆಗೆ ಸೇರಿಕೊಂಡಿತು. ನೆಲ ನಮ್ಮದೆಂದು ಇವರು, ಹಳ್ಳವೇ ನಮಗೆ ಕೊಟ್ಟಿತೆಂದು ಅವರು. ಬಡಿಗೆ ಎತ್ತಿದರು, ತಲೆ ಒಡೆದುಕೊಂಡರು. ಕಡೆಗೆ ಎರಡೂ ಊರಿನ ಹಿರಿಯರು ತಮ್ಮ ತಮ್ಮ ದೇವರ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಿದರು: ಇನ್ನು ಈ ದಂಡೆಗೂ ಆ ದಂಡೆಗೂ ಬೆಂಕಿಯಿಲ್ಲ, ನೀರಿಲ್ಲ, ಮಾತಿಲ್ಲ, ಮುರಿದವನ ಮನೆ ಊರ ಹೊರಗೆ. ಆ ಪಟ್ಟಿಯಲ್ಲಿ ವರ್ಷಕ್ಕೆ ಒಂದು ಚೀಲ ಹುರುಳಿಯೂ ಬೆಳೆಯುತ್ತಿರಲಿಲ್ಲ ಎನ್ನುತ್ತಾರೆ. ಹಟಕ್ಕೆ ಬಿದ್ದವರು ಎಂದಾದರೂ ಬೆಳೆ ನೋಡಿದ್ದುಂಟೆ?

ಮುತ್ತಲಹಾಳದಲ್ಲಿ ಬಾಳಪ್ಪನೆಂಬ ಕುರಿಗಾರನಿದ್ದ. ತಂದೆ ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿ ಕಾಶವ್ವನನ್ನು ಅವನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದ, ಆಣೆಯಾಗುವ ಮುಂಚೆಯೇ ತಾರಿಗುಡ್ಡಕ್ಕೆ ಕೊಟ್ಟು ಮದುವೆ ಮಾಡಿದ್ದ. ಈಗ ಅವಳು ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ತವರಿನವರು ಬಂದು ಕರೆಯದೆ ಹೆಣ್ಣು ತಾನಾಗಿ ಹೊರಡುವಂತಿಲ್ಲ. ಕರೆಯಬೇಕಾದವನು ಒಬ್ಬನೇ, ಅವನ ಬಾಯಿಗೆ ಊರೇ ಬೀಗ ಹಾಕಿತ್ತು. ಆಗ ಕಾಶವ್ವ ತಾನೇ ಒಂದು ದಾರಿ ಕಂಡುಕೊಂಡಳು. ಈ ಸೀಮೆಯಲ್ಲಿ ಬಯಲಲ್ಲಿ ಬುತ್ತಿ ಬಿಚ್ಚಿದವರು ಕಣ್ಣಿಗೆ ಬಿದ್ದವರನ್ನು ಊಟಕ್ಕೆ ಕರೆಯಲೇಬೇಕು, ಹಗೆಯಾದರೂ ಸರಿ. ಕರೆಸಿಕೊಂಡವರು ಬಂದು ಉಣ್ಣದಿದ್ದರೂ ‘ಓ, ನಿಮ್ಮದಾಗ್ಲಿ’ ಎಂದು ಓಗೊಡಬೇಕು. ಆ ಓ ಕಿವಿಗೆ ಬೀಳುವ ತನಕ ಕರೆದವರ ಕೈ ತುತ್ತಿಗೆ ಹೋಗುವುದಿಲ್ಲ. ಇದು ಆಣೆಗಿಂತ ಹಳೆಯ ಕಟ್ಟಳೆ. ಅಣ್ಣ ಒಮ್ಮೆ ಓಗೊಟ್ಟರೆ ತವರಿಗೆ ಕರೆಯಲೂ ಅವನಿಗೆ ಬಾಯಿ ಬಂದೀತು ಎಂಬುದು ಅವಳ ಲೆಕ್ಕ. ಬಾಳಪ್ಪ ಕುರಿಗೆ ನೀರು ಕುಡಿಸುವ ಮಧ್ಯಾಹ್ನದ ಹೊತ್ತಿಗೆ ಅವಳು ಬಂಡೆಯ ಮೇಲೆ ಬಂದು ಕುಳಿತು ಬುತ್ತಿ ಬಿಚ್ಚಿದಳು.

“ಅಣ್ಣಾ, ಊಟಕ್ಕ ಬಾ.”

ಓ ಎನ್ನಲು ಬಾಳಪ್ಪನ ತುಟಿ ತೆರೆಯಿತು, ಆದರೆ ಹಿಂದೆ ಊರ ಕುರಿಗಾರರೆಲ್ಲ ನಿಂತಿದ್ದರು. ಮುಖ ತಿರುಗಿಸಿ ಕುರಿ ಹೊಡೆದುಕೊಂಡು ಹೋದ. ಸಂಜೆ ಗೌಡರ ಕಟ್ಟೆಗೆ ಹೋಗಿ, “ಊಟಕ್ಕ ಕರದಾಗ ಓ ಅಂದ್ರ ಅದೂ ಮಾತ ಆಕ್ಕೈತೇನ್ರಿ?” ಎಂದು ಕೇಳಿದ. ಗೌಡರು ಮೀಸೆ ನೇವರಿಸಿಕೊಂಡು, “ಓ ಅಂದ್ರ ಅರ್ಧ ಮಾತು. ಅರ್ಧ ಆಣಿ ಮುರದವ್ನೂ ಪೂರಾ ಹೊರಗ” ಎಂದರು. ಮರುದಿನವೂ ಕಾಶವ್ವ ಬಂದಳು, ಅದರ ಮರುದಿನವೂ. ಕರೆಯುವಳು, ಕಾಯುವಳು, ಅಣ್ಣನ ಬೆನ್ನು ನೋಡುವಳು. ಕಟ್ಟಿದ ಬುತ್ತಿಯನ್ನು ಮರಳಿ ಮನೆಗೆ ಒಯ್ಯಬಾರದಾದ್ದರಿಂದ ರೊಟ್ಟಿ ಮುರಿದು ಮೀನಿಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ಏಳುವಳು. ಬಾಳಪ್ಪನದೂ ಅದೇ ಪಾಡು. ಎದುರಿಗೆ ತಂಗಿ ಇರುವಾಗ ಅವಳನ್ನು ಕರೆಯದೆ ತನ್ನ ಬುತ್ತಿ ಬಿಚ್ಚುವುದು ಹೇಗೆ? ಅವನ ರೊಟ್ಟಿ ನಾಯಿಯ ಪಾಲಾಯಿತು. ಹೀಗೆ ಒಂದು ಹಳ್ಳದ ಎರಡು ದಂಡೆಯಲ್ಲಿ ಒಂದೇ ತಾಯಿಯ ಮಕ್ಕಳು ಬುತ್ತಿ ಇಟ್ಟುಕೊಂಡು ಉಪವಾಸ ಕುಳಿತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವರು ಆಡದೆ ಉಳಿದ ಮಾತಿನ ಬಗ್ಗೆ ಏನೂ ಹೇಳಿಲ್ಲ.

ದಿನ ತುಂಬುತ್ತ ಬಂದಂತೆ ಅವಳ ನಡಿಗೆ ಭಾರವಾಯಿತು, ದನಿ ಸಣ್ಣಗಾಯಿತು. ಒಂದು ದಿನ ಅವಳು ಬಂಡೆಯಿಂದ ಏಳಲಾರದೆ ಎದ್ದು, ತಿರುಗಿ ಒಮ್ಮೆ ನೋಡಿ ಹೋದದ್ದನ್ನು ಬಾಳಪ್ಪ ಕಂಡ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಾಳಿಕೊಳ್ಳಲಾಗಲಿಲ್ಲ. ಊರು ಬಿಟ್ಟರೂ ಚಿಂತೆಯಿಲ್ಲ, ನಾಳೆ ಓ ಎನ್ನುತ್ತೇನೆ, ಕೈ ಹಿಡಿದು ಕರೆತರುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಬೆಳಗ್ಗೆ ಹೆಂಡತಿಗೆ ಹೇಳಿ ತಂಗಿಗೆ ಬಲು ಇಷ್ಟವಾದ ಎಳ್ಳುಹೋಳಿಗೆ ಮಾಡಿಸಿ, ಹೊಸ ಅರಿವೆಯಲ್ಲಿ ಕಟ್ಟಿಕೊಂಡು ಹೊತ್ತಿಗೆ ಮುಂಚೆಯೇ ಹಳ್ಳಕ್ಕೆ ಬಂದ. ಬಂಡೆ ಬರಿದಾಗಿತ್ತು. ಹೊತ್ತು ನೆತ್ತಿಗೆ ಬಂತು, ಕುರಿಗಳು ನೀರು ಕುಡಿದು ಮಲಗಿದವು. ಕಡೆಗೆ ತಾರಿಗುಡ್ಡದ ಕಾಲುದಾರಿಯಲ್ಲಿ ಒಬ್ಬ ಮುದುಕಿ ಗಂಟು ಹಿಡಿದು ಬಂದಳು. ಅವಳು ಬಸಲಿಂಗವ್ವ, ಕಾಶವ್ವನ ಅತ್ತೆ. ಗಂಟನ್ನು ಬಂಡೆಯ ಮೇಲಿಟ್ಟು ಬಿಚ್ಚಿ, ಸೆರಗು ಬಾಯಿಗೊತ್ತಿ ನಿಂತು, ಆಮೇಲೆ ಕೂಗಿದಳು.

“ಬಾಳಪ್ಪಾ, ನಿನ್ನ ತಂಗಿ ನಿನ್ನೆ ಸಂಜಿಕ ಬಡದಿಟ್ಟ ರೊಟ್ಟಿ ಇವು. ಮುಂಜಾನೆ ಹಡದು ಹೋಗಿಬಿಟ್ಲಪ್ಪಾ. ಕಟ್ಟಿದ ಬುತ್ತಿ ಅಣ್ಣನ ಮುಂದ ಬಿಚ್ಚು ಅಂದಿದ್ಲು. ಊಟಕ್ಕ ಬಾ.”

“ಓ, ಬಂದ್ಯವ್ವಾ” ಎಂದ ಬಾಳಪ್ಪ.

ಅವನ ದನಿಗೆ ಎರಡೂ ದಂಡೆಯ ಕುರಿಗಾರರು ತಿರುಗಿ ನೋಡಿದರಂತೆ. ಹಳ್ಳ ದಾಟಿ ಬಂದು ಬಂಡೆಯ ಮೇಲೆ ಕುಳಿತು ತಂಗಿಯ ರೊಟ್ಟಿ ಮುರಿದ. ಹಳ್ಳದ ನೀರು ಬೊಗಸೆಯಲ್ಲಿ ಕುಡಿದು ಇಳಿಸಿದ. ತಾನು ತಂದ ಹೋಳಿಗೆ ಬಿಚ್ಚಿ ಬಸಲಿಂಗವ್ವನನ್ನು ಊಟಕ್ಕೆ ಕರೆದ. ಅವಳೂ ಓ ಎಂದು, ಅಳುತ್ತಲೇ ಒಂದು ತುಣುಕು ಬಾಯಿಗಿಟ್ಟಳು. ಅಷ್ಟರಲ್ಲಿ ಎರಡೂ ಊರು ದಂಡೆಗೆ ಬಂದು ನೆರೆದಿದ್ದವು. ಗೌಡರು ದಂಡದ ಮಾತೆತ್ತಿದರು. ಬಾಳಪ್ಪ ತಲೆಯೆತ್ತದೆ ಹೇಳಿದ: “ಓ ಅನ್ನಾಕ ಒಂದಿನ ತಡಾ ಮಾಡಿದೆ. ಇದಕ್ಕಿಂತ ದೊಡ್ಡ ದಂಡ ಏನ ಹಾಕ್ತೀರಿ, ಹಾಕ್ರಿ.” ಯಾರೂ ಏನೂ ಹಾಕಲಿಲ್ಲ. ಕೂಸು ಬದುಕಿತ್ತು, ಹೆಣ್ಣುಕೂಸು. ಬಾಳಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಳ್ಳ ದಾಟಿಸಿದ, ತವರಿನಲ್ಲೇ ತೊಟ್ಟಿಲು ಕಟ್ಟಿದರು. ಜಗಳದ ಆ ಪಟ್ಟಿಗೆ ಅಂದಿನಿಂದ ಯಾವ ಊರೂ ನೇಗಿಲು ಹೂಡಲಿಲ್ಲ. ಹೆಸರಿಲ್ಲದ ಹಳ್ಳವನ್ನು ಜನ ಓಗೊಟ್ಟ ಹಳ್ಳವೆಂದು ಕರೆಯತೊಡಗಿದರು. ಹೊಗಳಿ ಇಟ್ಟ ಹೆಸರಲ್ಲ ಅದು, ಮರೆಯಬಾರದೆಂದು ಇಟ್ಟದ್ದು.

ಇಂದಿಗೂ ಆ ಪಟ್ಟಿಯ ಹುಲ್ಲಿನ ಮೇಲೆಯೇ ಬಂದವರು ಜಮಖಾನ ಹಾಸುತ್ತಾರೆ. ಡಬ್ಬಿಯ ಮುಚ್ಚಳ ತೆಗೆದು ಒಬ್ಬರು ಎದುರು ದಂಡೆಯತ್ತ ಊಟಕ್ಕೆ ಕರೆಯುತ್ತಾರೆ, ಅಲ್ಲಿ ಕುಳಿತವರು ಓಗೊಟ್ಟು ನೀರು ದಾಟಿ ಬಂದ ಮೇಲೆಯೇ ಮೊದಲ ತುತ್ತು. ಹೊಸಬರು ನಗುತ್ತ ಕರೆಯುತ್ತಾರೆ, ಕರೆ ಮುಗಿಯುವವರೆಗೆ ಕಾದು, ನಗುತ್ತಲೇ ಓ ಎನ್ನುತ್ತಾರೆ. ಈ ಎರಡು ಊರಿನವರು ಕುಳಿತಾಗ ಮಾತ್ರ ನೋಡಬೇಕು. ಅಲ್ಲಿಂದ ‘ಊಟಕ್ಕ’ ಎಂಬ ಅರ್ಧ ಮಾತು ಹೊರಡುವಷ್ಟರಲ್ಲೇ ಇಲ್ಲಿಂದ ಓ ಎಂದಾಗಿರುತ್ತದೆ.