ಹುಲುಗಪ್ಪ ಮುಚ್ಚಿದ ಕಾಲುವೆ

ಹೊಳೆ ತಿರುಗುವ ಕಡೆ ಒಂದು ದೊಡ್ಡ ಜೌಗು ಇತ್ತು. ಅದರಲ್ಲಿ ಬೆಳೆಯುವ ಜೊಂಡು ಹುಲ್ಲು ಕೊಯ್ದು, ಚಾಪೆ ಹೆಣೆದು ನಾಲ್ಕು ಊರಿನವರು ಬದುಕುತ್ತಿದ್ದರು. ಸೊಂಟಮಟ್ಟದ ನೀರಲ್ಲಿ ನಿಂತು ಕೊಯ್ಯಬೇಕು. ಜಿಗಣೆ ಕಾಟ ಬೇರೆ.

ಅವರಲ್ಲಿ ಹುಲುಗಪ್ಪ ಜಾಣ. "ನೀರು ಹೊರಗ ಹರಿಸಿಬಿಟ್ರ ಒಣ ನೆಲದಾಗ ನಿಂತು ಕೊಯ್ಬೋದಲ್ಲ?" ಎಂದ. ಎಲ್ಲರೂ ಹೌದೆಂದರು. ತಾನೇ ಮುಂದೆ ನಿಂತು ತಗ್ಗಿನ ಕಡೆ ಕಾಲುವೆ ತೋಡಿಸಿದ. ಆ ವರ್ಷ ಚಾಪೆಯ ರಾಶಿ ಸೂರು ಮುಟ್ಟಿತು. ಹುಲುಗಪ್ಪನನ್ನು ಹೊಗಳದವರೇ ಇಲ್ಲ.

ಮರುವರ್ಷ ಹೊಳೆ ಉಕ್ಕಿ ಬಂದ ನೀರು ಎರಡೇ ದಿನಕ್ಕೆ ಕಾಲುವೆ ಹಿಡಿದು ಹೋಯಿತು. ಜೊಂಡು ಚಿಗುರಲಿಲ್ಲ. ಮೀನು ಹೋದವು, ಊರ ಬಾವಿಗಳೂ ಬತ್ತಿದವು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನಮ್ಮ ಜಾಣನಿಗೆ ಆಗಲೂ ಬರಲಿಲ್ಲ. ಜೌಗಿನ ಒಣಗಿದ ತಳದಲ್ಲಿ ಜೋಳ ಬಿತ್ತಿದ. ಅದು ಆಳೆತ್ತರ ಬೆಳೆಯಿತು.

ಅವನಿಗೆ ಹೆಣಿಗೆ ಕಲಿಸಿದ ಮುದುಕಿ ಮಾರೆವ್ವ ಬಂದಳು. "ಇನ್ನ ನಾಕ ದಿನದಾಗ ಹೊಳಿ ಉಕ್ಕತೈತಿ. ಕಾಲುವಿ ಮುಚ್ಚಪ್ಪ, ನೀರು ನಿಲ್ಲಲಿ."

"ತೆನಿ ಈಗ ಹಾಲು ತುಂಬ್ಯಾವು. ಒಂದ ತಿಂಗಳು ತಡಿ."

"ನಾ ತಡೀತೀನಿ. ಹೊಳಿ ತಡೀತೈತೇನು?"

ಹುಲುಗಪ್ಪ ತೆನೆ ಕಾಯಲು ಹೊಲಕ್ಕೆ ಹೋದ. ಅದೇ ಸಂಜೆ ಮಾರೆವ್ವನ ಮನೆಯ ಮುಂದೆ ಹಾದುಹೋಗುವಾಗ ಅವಳ ಮೊಮ್ಮಗಳು ಚಾಪೆ ಹೆಣೆಯುವುದು ಕಂಡಿತು. ಹುಡುಗಿ ಹೆಣೆದು ಮುಗಿಸಿದಳು, ಪೂರಾ ಬಿಚ್ಚಿದಳು, ಮತ್ತೆ ಅದೇ ಹುಲ್ಲಿನಿಂದ ಶುರು ಮಾಡಿದಳು.

"ಯಾಕವ್ವ ಬಿಚ್ಚಿದಿ?"

"ಬ್ಯಾರೆ ಹುಲ್ಲಿಲ್ಲಲ್ಲ. ಕೈ ಮರಿಬಾರದಂತ ಅಜ್ಜಿ ದಿನಾ ಇದನ್ನ ಹೆಣಸ್ತಾಳ."

ಹುಲುಗಪ್ಪನಿಗೆ ನಾಚಿಕೆಯಾಯಿತು. ಬೆಳಗಾಗುತ್ತಲೇ ಸಲಿಕೆ ಬುಟ್ಟಿ ಹಿಡಿದು ಕಾಲುವೆಗೆ ಹೋದ. ಮೊದಲ ಬುಟ್ಟಿ ಮಣ್ಣು ಅವನೇ ಸುರಿದ. ನಾಲ್ಕೂ ಊರಿನವರು ಕೂಡಿ ಮೂರು ದಿನದಲ್ಲಿ ಮುಚ್ಚಿದರು. ಹೊಳೆ ಉಕ್ಕಿತು, ನೀರು ನಿಂತಿತು, ಜೋಳ ನಿಂತಲ್ಲೇ ಕೊಳೆಯಿತು.

ಹೆಂಡತಿ ದ್ಯಾಮವ್ವ ದಂಡೆಯ ಮೇಲೆ ಕೂತು ಅತ್ತಳು. "ಇಷ್ಟು ಮಂದಿ ಇದ್ದಾರ. ನಮ್ಮ ಜೋಳಾನೇ ಯಾಕ ಮುಳುಗಬೇಕಿತ್ತು?"

"ಕಾಲುವಿ ತೋಡಿಸಿದಾಂವ ನಾನಲ್ಲೇನು?" ಎಂದ ಹುಲುಗಪ್ಪ.

ಕೆಸರಿನೊಳಗೆ ಬೇರು ಪೂರಾ ಸತ್ತಿರಲಿಲ್ಲ. ಮರುವರ್ಷ ಜೊಂಡು ಅಲ್ಲಲ್ಲಿ ಚಿಗುರಿತು. ಮೂರನೆಯ ವರ್ಷ ಕೊಯ್ಲಿಗೆ ಬಂತು. ಮೀನು ಬಂದವು, ಬಾವಿಗಳಲ್ಲಿ ನೀರು ನಿಂತಿತು. ಜೌಗು ಮೊದಲಿನಷ್ಟು ಅಗಲ ಇನ್ನೂ ಆಗಿರಲಿಲ್ಲ. ಮೊದಲ ಕಂತೆ ಹುಲುಗಪ್ಪನ ಮನೆಯವರೇ ಕೊಯ್ಯಲಿ ಎಂದು ಊರವರು ದಂಡೆಯಲ್ಲಿ ಕಾದು ನಿಂತರು. ದ್ಯಾಮವ್ವ ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು, ಗಂಡನಿಗಿಂತ ಮೊದಲು ನೀರಿಗಿಳಿದಳು.

ನೀತಿ: ತಪ್ಪಾಯಿತು ಎಂದು ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು. ಕೆಡಿಸಿದ್ದನ್ನು ಸರಿಪಡಿಸುವ ನಷ್ಟ ಕೆಡಿಸಿದವನ ಹೊಲದಿಂದಲೇ ಶುರುವಾಗಬೇಕು.