ಏಳನೇ ನಂಬರಿನ ಬುಟ್ಟಿ

ಚುಕ್ಕಿ ಕೋಳಿಮರಿಗೆ ಈಗಷ್ಟೇ ಏನಾಯ್ತು ಅಂದ್ರೆ ನೀವು ನಂಬೋದೇ ಇಲ್ಲ! ಅಮ್ಮ ಕೋಳಿ ಅಲ್ಲೊಂದು ಇಲ್ಲೊಂದು ಬೋರಲು ಹಾಕಿದ್ದ ಬುಟ್ಟಿಗಳ ಮೇಲೆ ಸುಣ್ಣದಲ್ಲಿ ಅಂಕಿ ಬರೆದು, ಕೂಗಿದ ಅಂಕಿಯ ಬುಟ್ಟಿಯೊಳಗೆ ಅಂಚಿನ ಸಂದಿಯಿಂದ ನುಸುಳೋ ಆಟ ದಿನಾ ಆಡಿಸ್ತಿದ್ಳು. ಅದೇ ಅಂಗಳದಲ್ಲಿ ಕುಪ್ಪಳಿಸ್ಕೊಂಡಿದ್ದ ಕಾಗೆಮರಿಯೊಂದು ಚುಕ್ಕೀನ ನೋಡಿ ನಗ್ತಿತ್ತು. "ಥೂ, ಬರೀ ಆಟ ಆಡೋ ದಡ್ಡಿ! ನಂಗೆ ನೂರರವರೆಗೂ ಬಾಯಿಪಾಠ!"

ಅಷ್ಟರಲ್ಲಿ ಗಿಡುಗ ಬಂತು!

"ಏಳಕ್ಕೆ ನುಗ್ರೋ ಮಕ್ಕಳಾ! ಮಿಕ್ಕಿದ್ದೆಲ್ಲ ತೂತು ಬುಟ್ಟಿ!" ಅಂತ ಅಮ್ಮ ಕಿರುಚಿದ್ಳು.

ಚುಕ್ಕಿ ಅಂಕಿ ನೋಡಿದ್ಳು, ಸೀದಾ ತೂರ್ಕೊಂಡ್ಳು. ಹಾರೋಕಿನ್ನೂ ಬಾರದ ಕಾಗೆಮರಿ "ಒಂದು, ಎರಡು, ಮೂರು" ಅಂತ ಒಪ್ಪಿಸ್ತಾ ಬುಟ್ಟಿ ಬುಟ್ಟಿ ಸುತ್ತಿ, "ಏಳು ಯಾವುದೇ ಚುಕ್ಕೀ?" ಅಂತ ಅತ್ತುಬಿಡ್ತು. ಚುಕ್ಕಿ ಕತ್ತು ಆಚೆ ಹಾಕಿ, ಅದರ ರೆಕ್ಕೆ ಕಚ್ಚಿ ಒಳಗೆಳೆದ್ಳು. ಗಿಡುಗಕ್ಕೆ ಸಿಕ್ಕಿದ್ದು ಬರೀ ಧೂಳು. ಉಸ್ಸಪ್ಪಾ!

ದಿನಾ ಹಂಗಿಸ್ತಿದ್ದ ಮರಿಗೋಸ್ಕರ, ಗಿಡುಗ ತಲೆ ಮೇಲಿರುವಾಗ, ನೀವಾಗಿದ್ರೆ ಕತ್ತು ಹೊರಗೆ ಹಾಕ್ತಿದ್ರಾ?